ನಿನ್ನ 58, ನನ್ನ ಪಹಣಿ

ಪುಟ್ಟೀ,

ಬಸ್ ಹತ್ತುವಾಗಲೂ ನನ್ನ ಮುಖ ನೋಡಲಿಲ್ಲ ನೀನು. ಫೋನ್ ಮಾಡಿದರೆ ಅಮ್ಮನಿಗೆ ಕೊಡು ಅನ್ನುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನ 58 ಪರ್ಸೆಂಟ್ ಮಾರ್ಕ್ಸಿನ ಬಗ್ಗೆ ಮಾವನ ಎದುರು ನಾನಾಡಿದ ಮಾತು ನಿನಗೆ ಗೊತ್ತೇ ಇದೆ. ನೀನು ಒಳಗೆ ಕಾಯಿ ತುರಿಯುತ್ತಿದ್ದೆ. ತುರಿಮಣೆ ಸದ್ದು ತಟ್ಟನೆ ನಿಂತಿತು. ಆಮೇಲೆ ಜೋರಾಗಿ ಶುರುವಾಯಿತು. ಆ ದಿನದ ಚಟ್ನಿಯಲ್ಲಿ ಕರಟದ ಚೂರು ಸಿಕ್ಕಿತು. ಸುಮ್ನೆ ನುಂಗಿದೆ. ಈಗಲೂ ಅಮ್ಮ ಕಾಯಿ ತುರಿಯಲು ಕೂತರೆ ನಾನೆದ್ದು ತೋಟಕ್ಕೆ ಹೋಗುತ್ತೇನೆ. ಸದ್ದು ಎಲ್ಲಿ ನಿಲ್ಲುತ್ತದೋ ಅಂತ ಕಿವಿ ಕಾಯುತ್ತಿರುತ್ತದೆ.

58ಕ್ಕೆ ಯಾರೂ ಸ್ಕಾಲರ್‌ಶಿಪ್ ಕೊಡಲ್ಲ ಅಂದಿದ್ದು ತಪ್ಪು. ಹೋದ ವಾರ ವಿಚಾರಿಸಿದೆ. ರೈತರ ಮಕ್ಕಳಿಗೆ ಸರ್ಕಾರ ಕೊಡುವ ರೈತ ವಿದ್ಯಾನಿಧಿ 2021ರಿಂದಲೇ ಇದೆಯಂತೆ. ಪಿಯುಸಿ ಹುಡುಗಿಯರಿಗೆ ವರ್ಷಕ್ಕೆ 3,000, ಬಿಎಗೆ 5,500. ಅದಕ್ಕೆ ಬೇಕಿರುವುದು ರ‍್ಯಾಂಕ್ ಅಲ್ಲ, ಅಪ್ಪನ ಫ್ರೂಟ್ಸ್ ನಂಬರು, ಅಂದರೆ ರೈತ ಅಂತ ನೋಂದಾಯಿಸಿದ ನಂಬರು. ಅದು ನನ್ನ ಹತ್ತಿರ ಇಲ್ಲ. ಯಾಕೆಂದರೆ ಜಮೀನಿನ ಪಹಣಿ ಇನ್ನೂ ನಿನ್ನ ತಾತನ ಹೆಸರಲ್ಲೇ ಇದೆ. ಅವರು ಹೋಗಿ ಎಂಟು ವರ್ಷವಾದರೂ ಜಮೀನನ್ನು ವಾರಸುದಾರರ ಹೆಸರಿಗೆ ತರುವ ಪೌತಿ ಖಾತೆ ಮಾಡಿಸಿಲ್ಲ. ಚಿಕ್ಕಪ್ಪನ ಜೊತೆ ಮಾತು ಬಿಟ್ಟ ಜಂಬ. ಪಿಯುಸಿಯ ಎರಡೂ ವರ್ಷದ ದುಡ್ಡು ತಪ್ಪಿದ್ದು ನಿನ್ನ ಮಾರ್ಕ್ಸಿನಿಂದಲ್ಲ, ನನ್ನಿಂದ.

ಇನ್ನೊಂದು, ಅಜೀಂ ಪ್ರೇಮ್‌ಜಿ ಸ್ಕಾಲರ್‌ಶಿಪ್. ಹತ್ತನೇ ಕ್ಲಾಸು, ಪಿಯುಸಿ ಎರಡನ್ನೂ ಸರ್ಕಾರಿಯಲ್ಲೇ ಓದಿದ ಹುಡುಗಿಯರಿಗೆ ವರ್ಷಕ್ಕೆ 30,000. ನೀನು ಎರಡೂ ಸರ್ಕಾರಿಯಲ್ಲೇ ಓದಿದವಳು. ಕಾನ್ವೆಂಟಿಗೆ ಹಾಕಲಿಲ್ಲ ಅಂತ ನನ್ನ ಮೇಲೆ ಸಿಟ್ಟಿತ್ತಲ್ಲ, ಅದೇ ಈಗ ಕೈ ಹಿಡಿಯಬಹುದು. ಫಸ್ಟ್ ಇಯರ್‌ನಲ್ಲೇ ಅರ್ಜಿ ಹಾಕಬೇಕು. ಆಮೇಲೆ ನೋಡೋಣ ಅನ್ನಬೇಡ. ಆಮೇಲೆ ಅನ್ನೋದು ನನ್ನಿಂದ ಬಂದ ಚಾಳಿ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯ ಹೆಸರಿಗೂ ಆಧಾರ್ ಹೆಸರಿಗೂ ಇನಿಷಿಯಲ್ ಸಮೇತ ತಾಳೆ ನೋಡು. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯಾ ಕೇಳು. ಸರ್ಕಾರಿ ಸ್ಕಾಲರ್‌ಶಿಪ್‌ಗೆ ಅರ್ಜಿ ಹಾಕುವ ಎಸ್‌ಎಸ್‌ಪಿ ವೆಬ್‌ಸೈಟಿನ ಪಾಸ್‌ವರ್ಡು ಸೈಬರ್‌ನವನ ಹತ್ತಿರ ಬಿಟ್ಟು ಬರಬೇಡ, ನೀನೇ ಬರೆದಿಟ್ಟುಕೋ. ಆದಾಯ, ಜಾತಿ ಸರ್ಟಿಫಿಕೇಟಿನ ಮೇಲಿರುವ ಆರ್‌ಡಿ ನಂಬರೂ ಬೇಕು...

ನೋಡು, ಮತ್ತೆ ಮೇಷ್ಟ್ರಾದೆ.

ನಮ್ಮ ಮನೆಯಿಂದ ಕಾಲೇಜು ಹಾಸ್ಟೆಲ್ ಮೆಟ್ಟಿಲು ಹತ್ತಿದವಳು ನೀನೊಬ್ಬಳೇ. ಅದನ್ನು ನಿನ್ನ ಮಾವನಿಗೆ ಹೇಳಬೇಕಿತ್ತು, ಬಾಯಿಗೆ 58 ಬಂತು.

ನಾಳೆ ಚಿಕ್ಕಪ್ಪನ ಮನೆಗೆ ಹೋಗುತ್ತಿದ್ದೇನೆ, ಖಾತೆ ಕಾಗದಕ್ಕೆ ಅವನ ಸಹಿ ಬೇಕು. ಏನಂತಾನೋ. ಬೆಳಗಿನ ಬಸ್ಸಿಗೆ ಕೊಬ್ಬರಿ ಮಿಠಾಯಿ ಡಬ್ಬಿ ಕೊಟ್ಟು ಕಳಿಸಿರುತ್ತೇನೆ, ಇಸ್ಕೋ. ಕರಟ ಸಿಕ್ಕರೆ ಅಮ್ಮನನ್ನು ಬೈಬೇಡ. ಕಾಯಿ ತುರಿದದ್ದು ನಾನು.

ಅಪ್ಪ