ಪುಟ್ಟಿಗೆ ದೊಡ್ಡಪ್ಪನ ಪತ್ರ

ಪ್ರೀತಿಯ ಪುಟ್ಟಿ,

ನಿನ್ನ ಪತ್ರ ಮೊನ್ನೆ ಬಂತು. ರೇಸಿನಲ್ಲಿ ನೀನು ಗನ್ ಹಾರುವ ಮೊದಲೇ ಓಡಿ ಹೊರಗಾದದ್ದನ್ನು ನಿಮ್ಮಮ್ಮ ಫೋನಿನಲ್ಲಿ ಆಗಲೇ ಹೇಳಿದ್ದಳು. ಆ ವಿಡಿಯೋ ಯಾರ್ಯಾರ ಮೊಬೈಲಿಗೆ ಹೋಯಿತು ಅನ್ನೋದನ್ನೂ. ಅದನ್ನು ಮತ್ತೆ ಕೆದಕಲ್ಲ. ನನ್ನ ನಿದ್ದೆ ಕೆಡಿಸಿದ್ದು ನಿನ್ನ ಕೊನೆಯ ಸಾಲು. "ಅಪ್ಪ ಟಿವಿ ನೋಡ್ತಾನೇ 'ಓಟ ತಾನೇ, ಬಿಡು' ಅಂದ್ರು. ಇನ್ಮೇಲೆ ಅವರಿಗೆ ಏನೂ ಹೇಳಲ್ಲ ದೊಡ್ಡಪ್ಪ."

ಈ 'ಏನೂ ಹೇಳಲ್ಲ' ನನಗೆ ಚೆನ್ನಾಗಿ ಗೊತ್ತು.

1978ರಲ್ಲಿ ಹೋಬಳಿ ಮಟ್ಟದ ಖೋ ಖೋ. ಅಟ್ಟಿಸಿಕೊಂಡು ಹೋಗುವಾಗ ಗಡಿಬಿಡಿಯಲ್ಲಿ ಹಿಂದಕ್ಕೆ ತಿರುಗಿಬಿಟ್ಟೆ. ಫೌಲ್. ಒಂದಲ್ಲ, ಮೂರು ಸಲ. ನಮ್ಮ ಪಿ.ಟಿ. ಮೇಷ್ಟ್ರು ಇಡೀ ಮೈದಾನದ ಎದುರು ನನ್ನ ಅಂಗಿ ಬಿಚ್ಚಿಸಿ ಬೇರೆ ಹುಡುಗನಿಗೆ ಹಾಕಿಸಿದರು. ಶಾಲೆಗೆ ಇದ್ದದ್ದೇ ಒಂಬತ್ತು ಅಂಗಿ. ನಾನು ಬನಿಯನ್ನಿನಲ್ಲಿ ನಿಂತೆ. ಎಡ ಕಂಕುಳ ಹತ್ತಿರ ತೂತು. ಅದು ಕಾಣಬಾರದು ಅಂತ ತೋಳನ್ನು ಒತ್ತಿ ಹಿಡಿದುಕೊಂಡೇ ಉಳಿದ ಆಟ ನೋಡಿದೆ.

ಸಂಜೆ ಅಪ್ಪಯ್ಯನಿಗೆ ಹೇಳಿದೆ. ಮೆಟ್ಟುಗತ್ತಿಯ ಮೇಲೆ ಕೂತು ಅಡಿಕೆ ಸುಲಿಯುತ್ತಿದ್ದರು. ತಲೆ ಎತ್ತಲಿಲ್ಲ. "ಆ ಬುಟ್ಟಿ ಈಚೆ ತಳ್ಳು" ಅಂದರು. ತಳ್ಳಿದೆ.

ಅವತ್ತಿಗೆ ಮುಗಿಯಿತು. ಪಿಯುಸಿ ಫೇಲಾದದ್ದು ಅವರಿಗೆ ಊರವರ ಬಾಯಿಂದ ಗೊತ್ತಾಯಿತು. ಕೊನೆಗೆ ಅವರು ಹಾಸಿಗೆ ಹಿಡಿದಾಗ ತಿಂಗಳುಗಟ್ಟಲೆ ಪಕ್ಕದಲ್ಲೇ ಕೂತಿದ್ದೆ. ಮಳೆ, ಅಡಿಕೆ ರೇಟು, ಕೊಳೆರೋಗ. ಇಬ್ಬರಿಗೂ ಬೇರೆ ಮಾತೇ ಬರಲಿಲ್ಲ. ಏನೂ ಹೇಳದಿರೋದು ಮೊದಮೊದಲು ಸಿಟ್ಟು ಪುಟ್ಟಿ, ಆಮೇಲೆ ಅದೇ ಅಭ್ಯಾಸ. ನನಗೆ ಭಯ ಇರೋದು ಅದಕ್ಕೇ.

ನಿಮ್ಮಪ್ಪ ಆ ಖೋ ಖೋ ಸಂಜೆ ನಾಲ್ಕು ವರ್ಷದವನು, ಅದೇ ಜಗುಲಿಯಲ್ಲಿ ಅಡಿಕೆ ಸಿಪ್ಪೆ ರಾಶಿಯಲ್ಲಿ ಆಡುತ್ತಿದ್ದ. ಅವನ ಪರ ವಕಾಲತ್ತು ವಹಿಸ್ತಿಲ್ಲ. ಅವನು ಟಿವಿ ಆರಿಸಬೇಕಿತ್ತು.

2011ರಲ್ಲಿ ದಕ್ಷಿಣ ಕೊರಿಯಾದ ಡೇಗುವಿನಲ್ಲಿ ನಡೆದ ವಿಶ್ವ ಚಾಂಪಿಯನ್‌ಶಿಪ್‌ನ 100 ಮೀಟರ್ ಫೈನಲ್ ದಿನ ಓಟಗಾರ ಉಸೇನ್ ಬೋಲ್ಟ್ ಕೂಡ ಗನ್ನಿಗೆ ಮೊದಲೇ ಎದ್ದು ಹೊರಗೆ ಹೋದ. ಆರು ದಿನ ಬಿಟ್ಟು 200 ಮೀಟರ್ ಗೆದ್ದ. ನಿನ್ನ ಕೋಚ್ ಇದನ್ನು ಹೇಳಿಯೇ ಇರ್ತಾರೆ, ಸುಮ್ನೆ ಬರೆದೆ. ಅವನೇನೂ ಆ ರಾತ್ರಿ ನಿಮ್ಮಪ್ಪನ ಎದುರು ಊಟಕ್ಕೆ ಕೂರಬೇಕಿರಲಿಲ್ಲ, ಅಲ್ವಾ?

ಓಟದ ವಿಷಯ ನನಗೆ ಜಾಸ್ತಿ ಗೊತ್ತಿಲ್ಲ. 'ಸೆಟ್' ಅಂದ ಮೇಲೆ ಒಮ್ಮೆ ಬೇಗ, ಒಮ್ಮೆ ತಡವಾಗಿ ಚಪ್ಪಾಳೆ ಹೊಡೆಯೋಕೆ ಗೆಳತಿಯರಿಗೆ ಹೇಳು. ಕಾಯೋದು ರೂಢಿ ಆಗಬಹುದು. ಅಪ್ಪನಿಗೆ ಇನ್ನೊಂದು ಸಲ ಹೇಳಿ ನೋಡ್ತೀಯಾ? ಮನೆಯಲ್ಲಿ ಬೇಡ. ಸ್ಕೂಟರಿನಲ್ಲಿ ಹಿಂದೆ ಕೂತಾಗ, ಮುಖ ಕಾಣದ ಕಡೆಯಿಂದ. 'ಬಿಡು' ಅಂದಿದ್ದಕ್ಕೆ ಬೇಜಾರಾಯ್ತು ಅಂತ, ಅಷ್ಟೇ. ಅವನು ಆಗಲೂ ಬಿಡು ಅಂದರೆ ನನಗೆ ಬರಿ. ನಾನು ಮಾಡಿ ನೋಡಿದವನಲ್ಲ, ಹಾಗಾಗಿ ಒತ್ತಾಯ ಮಾಡೋಕೆ ಮುಖವಿಲ್ಲ.

ಈ ಪತ್ರವನ್ನು ದೊಡ್ಡಮ್ಮನಿಗೆ ತೋರಿಸಿಲ್ಲ. ಬನಿಯನ್ನಿನ ವಿಷಯ ಅವಳಿಗೂ ಗೊತ್ತಿಲ್ಲ.

ನಿನ್ನ,
ದೊಡ್ಡಪ್ಪ