ಎರಡು ಸಹಿ

ಹನುಮಂತನಗರ, ಬೆಂಗಳೂರು
ಭಾನುವಾರ ರಾತ್ರಿ

ಪುಟ್ಟೀ,

ಫೋನಿನಲ್ಲಿ ಹೇಳಲು ಹೊರಟರೆ "ಅಮ್ಮಾ, ಸುಮ್ನೆ ಟೆನ್ಷನ್ ಮಾಡ್ಕೋಬೇಡ" ಅಂತ ಇಟ್ಟುಬಿಡುತ್ತೀಯ. ಅದಕ್ಕೇ ಕಾಗದ.

ಮೊನ್ನೆ ಶನಿವಾರ ನಿನ್ನ ಜೊತೆ ಚೆಕಪ್‌ಗೆ ಬಂದಿದ್ದೆನಲ್ಲ, ನೀನು ಸ್ಕ್ಯಾನಿಂಗ್‌ಗೆ ಒಳಗೆ ಹೋದಾಗ ಕೌಂಟರಿನ ಹುಡುಗಿ ಒಂದಷ್ಟು ಹಾಳೆ ಮುಂದಿಟ್ಟಳು. "ಆಂಟಿ, ಪೆನ್ಸಿಲಲ್ಲಿ ಇಂಟು ಹಾಕಿರೋ ಕಡೆಯೆಲ್ಲ ಸೈನ್ ಮಾಡಿಬಿಡಿ, ಹೆರಿಗೆ ದಿನ ಓಡಾಟ ತಪ್ಪುತ್ತೆ" ಅಂದಳು. ನಾಲ್ಕು ಕಡೆ ಇಂಟು ಇತ್ತು, ನಾಲ್ಕೂ ಕಡೆ ಗೀಚಿದೆ. ಗಾಂಧಿನಗರದ ವಕೀಲರ ಆಫೀಸಿನಲ್ಲಿ ಅಷ್ಟು ವರ್ಷ ಟೈಪಿಸ್ಟ್ ಆಗಿದ್ದು, ಓದದೆ ಸಹಿ ಹಾಕಿ ಬಂದ ಕಕ್ಷಿದಾರರನ್ನು ಕಂಡು ಒಳಗೊಳಗೇ ನಗುತ್ತಿದ್ದವಳು ನಾನು! ಆಟೋದಲ್ಲಿ ಬರುವಾಗ ಥಟ್ಟನೆ ಹೊಳೆಯಿತು: ಏನು ಚಿಕಿತ್ಸೆಗೆ ಒಪ್ಪಿಗೆ ಅಂತ ಬರೆಯುವ ಸಾಲು ಖಾಲಿ ಇತ್ತು.

ಆಗಿನಿಂದ ನಿನ್ನಪ್ಪನ ಸಹಿಯೇ ಕಣ್ಣಮುಂದೆ ಬರುತ್ತಿದೆ.

1995ರಲ್ಲಿ ನೀನು ಹುಟ್ಟಿದ ನರ್ಸಿಂಗ್ ಹೋಂ ವರಾಂಡದಲ್ಲಿ ಅವರಿಗೊಂದು ಇಂಗ್ಲಿಷ್ ಫಾರಂ ಕೊಟ್ಟರಂತೆ. ಸ್ಕೂಟರ್ ಕೀ ಬೆರಳಿಗೆ ಸಿಕ್ಕಿಸಿಕೊಂಡೇ ಸಹಿ ಹಾಕಿದರಂತೆ. ಹತ್ತು ಹೆಜ್ಜೆ ಆಚೆ ಲೇಬರ್ ರೂಮಿನಲ್ಲಿ ನಾನು ಎಚ್ಚರವಾಗಿಯೇ ಇದ್ದೆ. ಓದಲು ಬರೆಯಲು ಬರುತ್ತಿತ್ತು. ನನ್ನನ್ನು ಯಾರೂ ಕೇಳಲಿಲ್ಲ. ಡ್ರಿಪ್ಪಿಗೆ ಏನೋ ಸೇರಿಸಿದರು, ನೋವು ಉಸಿರಿಗೂ ಬಿಡುವು ಕೊಡದೆ ಒಂದರ ಮೇಲೊಂದು ಬಂತು. ಏನದು ಅಂದದ್ದಕ್ಕೆ "ಮಗು ಬೇಗ ಬೇಡ್ವಾ ನಿಮ್ಗೆ?" ಅಂದರು. ಆಯಾ ಹೊಟ್ಟೆಯ ಮೇಲೆ ಮೊಣಕೈ ಊರಿ ಒತ್ತಿದಳು. ಆಮೇಲೆ ಕತ್ತರಿಯ ಸದ್ದು. ದರ್ಜಿ ದಪ್ಪ ಬಟ್ಟೆ ಕತ್ತರಿಸುವಾಗ ಬರುತ್ತದಲ್ಲ, ಅದೇ ಸದ್ದು. ಎಷ್ಟು ಹೊಲಿಗೆ ಬಿತ್ತು ಅಂತ ತಿಳಿದದ್ದು ಮಾರನೆಯ ದಿನ, ನರ್ಸ್ ಬಾಯಲ್ಲಿ. ಒಂದೂವರೆ ತಿಂಗಳು ಟವೆಲನ್ನು ಸಿಂಬಿ ಸುತ್ತಿ ಅದರ ಮೇಲೆ ಕೂತು ನಿನಗೆ ಹಾಲೂಡಿಸಿದೆ. ನಮ್ಮಮ್ಮ ಬೇಸಿನ್ನಿನ ಬಿಸಿನೀರಿಗೆ ಉಪ್ಪು ಹಾಕಿ ಕೂರಿಸುತ್ತಾ, "ಚೊಚ್ಚಲು ಅಂದ್ರೆ ಎಲ್ರಿಗೂ ಕುಯ್ಯಲೇಬೇಕಂತೆ ಕಣೇ" ಅಂದಿದ್ದಳು. ನಾನೂ ಹಾಗೇ ನಂಬಿದ್ದೆ.

ಕುಯ್ಯಲೇಬೇಕು ಅಂತೇನಿಲ್ಲ. ಆ ಕುಯ್ತಕ್ಕೆ ಎಪಿಸಿಯಾಟಮಿ ಅನ್ನುತ್ತಾರೆ. ಅದನ್ನು ವಾಡಿಕೆ ಅಂತ ಎಲ್ಲರಿಗೂ ಮಾಡಬೇಡಿ, ಹೊಟ್ಟೆಯನ್ನು ಮೇಲಿಂದ ಒತ್ತಬೇಡಿ, ಗರ್ಭಕೋಶದ ಬಾಯಿ ಗಂಟೆಗೊಂದು ಸೆಂಟಿಮೀಟರಿನಂತೆ ತೆರೆಯಲಿಲ್ಲ ಅನ್ನುವುದೊಂದೇ ಕಾರಣಕ್ಕೆ ಅವಸರಿಸಬೇಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲೇ ಹೇಳಿದೆ. ಹಾಗಂತ ಕತ್ತರಿಯೇ ಕೂಡದು ಅಂತ ಹಟ ಹಿಡಿಯಬೇಡ. ಮಗುವಿನ ಎದೆಬಡಿತ ಇಳಿಯುತ್ತಿದ್ದರೆ, ಮಗುವನ್ನು ಹೊರಗೆಳೆಯಲು ಫೋರ್ಸೆಪ್ಸ್ ಅನ್ನುವ ಇಕ್ಕಳ ಹಾಕಬೇಕಾದರೆ ಅದು ಬೇಕಾಗಬಹುದು. ಡ್ರಿಪ್ಪೂ ಅಷ್ಟೇ. ನನಗೂ ಅವತ್ತು ಬೇಕಿತ್ತೋ ಏನೋ. "ಹೀಗೆ ಮಾಡ್ತಿದೀವಿ, ಇದಕ್ಕೆ" ಅಂತ ಒಂದು ಮಾತು ಹೇಳಲು ಎಷ್ಟು ಹೊತ್ತು ಬೇಕಿತ್ತು?

ಈಗ ನನ್ನ ನಿದ್ದೆ ಕೆಡಿಸಿದ ಸಂಗತಿಗೆ ಬರುತ್ತೇನೆ. ನೀನು ಹುಟ್ಟಿದ ವರ್ಷವೇ ದೆಹಲಿಯಲ್ಲಿ 44 ವರ್ಷದ ಹೆಂಗಸೊಬ್ಬರು ಹೊಟ್ಟೆಯೊಳಗೆ ಏನಾಗಿದೆ ಅಂತ ನೋಡಿಸಿಕೊಳ್ಳಲು ಲ್ಯಾಪ್ರೊಸ್ಕೋಪಿಗೆ, ಅಂದರೆ ಸಣ್ಣ ತೂತಿನಿಂದ ಕ್ಯಾಮೆರಾ ಇಳಿಸಿ ನೋಡುವ ಪರೀಕ್ಷೆಗೆ, ಹೋಗಿದ್ದರು. ಅವರು ಅರಿವಳಿಕೆಯಲ್ಲಿ ಮಲಗಿದ್ದಾಗ ಒಳಗಿನಿಂದ ಒಬ್ಬರು ಹೊರಬಂದು, ಕಾದು ಕೂತಿದ್ದವರ ಒಪ್ಪಿಗೆ ಪಡೆದು ಹೋದರು. ಎಚ್ಚರವಾಗುವಷ್ಟರಲ್ಲಿ ಗರ್ಭಕೋಶವೂ ಇಲ್ಲ, ಅಂಡಾಶಯಗಳೂ ಇಲ್ಲ. ಸಮೀರಾ ಕೊಹ್ಲಿ ಪ್ರಕರಣ ಅಂತ ಅದರ ಹೆಸರು. ಜನವರಿ 2008ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು: ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಚಿಕಿತ್ಸೆಗೆ ಆಗುವುದಿಲ್ಲ, ವಯಸ್ಕಳೊಬ್ಬಳು ಸ್ವಲ್ಪ ಹೊತ್ತು ಪ್ರಜ್ಞೆ ತಪ್ಪಿ ಮಲಗಿದ್ದಾಳೆ ಅಂದಮಾತ್ರಕ್ಕೆ ಅವಳ ಪರವಾಗಿ ಇನ್ನೊಬ್ಬರು ಒಪ್ಪುವಂತಿಲ್ಲ, ಜೀವಕ್ಕೆ ಅಪಾಯ ಬಂದು ತಡಮಾಡುವಂತಿಲ್ಲದ ಹೊತ್ತಿನ ಮಾತು ಬೇರೆ. ಡಾಕ್ಟರಿಗೆ ಫೀಸಿಲ್ಲ, ಆಕೆಗೆ 25,000 ರೂಪಾಯಿ ಪರಿಹಾರ. ಕಳೆದುಕೊಂಡದ್ದಕ್ಕೆ ಅದೆಂಥ ಲೆಕ್ಕವೋ, ನನಗಂತೂ ಅರ್ಥವಾಗಿಲ್ಲ.

ಹೊರಗೆ ಕೂತು ಹೂಂ ಅಂದವರು ಯಾರು ಗೊತ್ತಾ? ಅವರ ತಾಯಿ.

ವಯಸ್ಸಾದ ಆಕೆಯ ಮೇಲೆ ನನಗೆ ಸಿಟ್ಟು ಬರುವುದಿಲ್ಲ ಪುಟ್ಟೀ. ಬಾಗಿಲು ತೆಗೆದು "ಅರ್ಜೆಂಟು" ಅಂದರೆ ನಾನೂ ಏನು ಬೇಕಾದರೂ ಒಪ್ಪಿಬಿಡುತ್ತೇನೆ. ಮೊನ್ನೆ ಯಾರೂ ಅರ್ಜೆಂಟು ಅನ್ನದೆಯೇ ನಾಲ್ಕು ಕಡೆ ಒಪ್ಪಿ ಬಂದೆನಲ್ಲ.

ಅದಕ್ಕೇ ಕೇಳುತ್ತಿದ್ದೇನೆ. ರಕ್ತಸ್ರಾವ ನಿಲ್ಲದಿದ್ದರೆ, ಹೊಕ್ಕುಳಬಳ್ಳಿ ಮೊದಲು ಜಾರಿ ಹೊರಬಂದರೆ ಕೂತು ಮಾತಾಡಲು ಹೊತ್ತಿರುವುದಿಲ್ಲ, ಅವರು ಮಾಡಬೇಕಾದ್ದನ್ನು ಮಾಡುತ್ತಾರೆ, ಮಾಡಲಿ. ಉಳಿದದ್ದರಲ್ಲಿ ನಿನಗೇನು ಬೇಕು? ನೋವು ತಿಳಿಯದಂತೆ ಬೆನ್ನಿಗೆ ಕೊಡುವ ಎಪಿಡ್ಯೂರಲ್ ಬೇಕಾ? ನಾನು "ನಾವೆಲ್ಲ ತಡ್ಕೊಳ್ಳಲಿಲ್ವಾ" ಅಂದಿದ್ದೆನಲ್ಲ, ಆ ಮಾತು ವಾಪಸ್. ಒಳಗೆ ಜೊತೆಗೆ ಯಾರಿರಬೇಕು, ನಾನೋ ಅಳಿಯಂದಿರೋ? ಸರ್ಕಾರಿ ಆಸ್ಪತ್ರೆಗಳಿಗೆ 2017ರಲ್ಲಿ ಶುರುವಾದ ಲಕ್ಷ್ಯ ಕಾರ್ಯಕ್ರಮದಲ್ಲೇ ಹೆರಿಗೆಯ ಹೊತ್ತಿಗೆ ಒಬ್ಬರು ಜೊತೆಗಿರಲಿ ಅನ್ನುವ ಮಾತಿದೆ. ಇಷ್ಟು ದುಡ್ಡು ಕೊಡುವ ಕಡೆ ಕೇಳುವುದಕ್ಕೇನು ಸಂಕೋಚ?

ಇನ್ನೊಂದು. ನಮಗೆ ಹೂವು ಕೊಡುತ್ತಿದ್ದಳಲ್ಲ ಹೂವಮ್ಮ, ಅವಳ ಸೊಸೆಗೆ ಹೆರಿಗೆಯಾದ ಕೂಡಲೇ, ಮತ್ತೆ ಬಸುರಾಗದಂತೆ ಗರ್ಭಕೋಶದೊಳಗೆ ಇಡುವ ಕಾಪರ್-ಟಿ ಹಾಕಿದ್ದರಂತೆ. ಎಂಟು ತಿಂಗಳಾದ ಮೇಲೆ ಹೊಟ್ಟೆನೋವು ಅಂತ ಬೇರೆ ಕಡೆ ತೋರಿಸಿದಾಗ ಗೊತ್ತಾಯಿತು. "ಅಡ್ಮಿಟ್ ಮಾಡ್ಕೊಳ್ವಾಗ ಎಲ್ಲೆಲ್ಲೋ ಹೆಬ್ಬೆಟ್ಟು ಒತ್ತಿಸ್ಕೊಂಡ್ರು ಕಣಮ್ಮ, ಅದ್ರಲ್ಲಿ ಅದೂ ಇತ್ತೇನೋ" ಅಂದಿದ್ದಳು ಹೂವಮ್ಮ. ಆಗ ಅಯ್ಯೋ ಪಾಪ ಅಂದಿದ್ದೆ, ಓದು ಬರದವರ ಕಷ್ಟ ಅಂದುಕೊಂಡು.

ಗುರುವಾರ ಬೆಳಿಗ್ಗೆ ಮೆಟ್ರೋ ಹಿಡಿದು ಬರುತ್ತೇನೆ. ನಿನ್ನ ಫೈಲ್ ಎತ್ತಿಟ್ಟಿರು, ಅವರೆಬೇಳೆ ಹಿಸುಕಿ ಡಬ್ಬಿಗೆ ಹಾಕಿ ತರುತ್ತೇನೆ. ಮೊದಲು ಆಸ್ಪತ್ರೆಗೆ ಹೋಗಿ ನನ್ನ ಸಹಿ ಇರುವ ಹಾಳೆ ಹರಿಸಿ, ಹೊಸದನ್ನು ಕನ್ನಡದಲ್ಲಿ ಕೊಡಿ ಅಂತ ಕೇಳೋಣ. ಕನ್ನಡದ್ದು ಇಲ್ಲ ಅಂದರೆ ಇಂಗ್ಲಿಷಿನದ್ದನ್ನೇ ಸಾಲುಸಾಲಾಗಿ ಓದಿ ಹೇಳಲಿ. ಡಾಕ್ಟರ ಹತ್ತಿರ ನೀನೇ ಮಾತಾಡು. ಅಭ್ಯಾಸಬಲ, ನಡುವೆ ನಾನು ಬಾಯಿ ಹಾಕಿದರೆ ಕೈ ಚಿವುಟು.

ನಿನ್ನ
ಅಮ್ಮ