ಹೊರಗಿನವರ ಗೇಮ್ ಓಡಲಿಲ್ಲ ಎನ್ನುವ ಮೊದಲು

ಮಾನ್ಯ ಸಂಪಾದಕರೇ,

ಜಪಾನಿನ ನಿಂಟೆಂಡೊ ಕಂಪನಿಯ ಸ್ವಿಚ್ 2 ಕನ್ಸೋಲ್, ಅಂದರೆ ವಿಡಿಯೊ ಗೇಮ್ ಆಡುವ ಯಂತ್ರದ ಬಗ್ಗೆ ನಿಮ್ಮಲ್ಲಿ ಬಂದ ಬರಹ ಓದಿದೆ. ಕನ್ಸೋಲ್ ಭರ್ಜರಿಯಾಗಿ ಮಾರಾಟವಾಗುತ್ತಿದೆ, ಆದರೆ ಕೊಂಡವರು ನಿಂಟೆಂಡೊದ ಸ್ವಂತ ಗೇಮ್‌ಗಳನ್ನಷ್ಟೇ ಆಡುತ್ತಾರೆ, ಹೊರಗಿನ ಕಂಪನಿಗಳಿಗೆ ಅಲ್ಲಿ ಜಾಗವಿಲ್ಲ ಎಂಬುದು ಅದರ ತಾತ್ಪರ್ಯ. ಬರೆದವರು ಅಂಕಿಗಳನ್ನು ತಿರುಚಿದ್ದಾರೆ ಎಂದು ನಾನು ಹೇಳುತ್ತಿಲ್ಲ. ಆದರೆ ‘ಜಾಗವಿಲ್ಲ’ ಎಂಬ ಆ ತೀರ್ಪು ನನಗೆ ತೀರಾ ಪರಿಚಿತ. ಹಿಂದೊಮ್ಮೆ ಅದೇ ಮಾತಿನಿಂದ ನಾನಿದ್ದ ತಂಡ ಚದುರಿಹೋಯಿತು. ಅದಕ್ಕೇ ಈ ಪತ್ರ.

ನನ್ನದು ಪೋರ್ಟಿಂಗ್ ಕೆಲಸ. ಒಂದು ಯಂತ್ರಕ್ಕೆಂದು ತಯಾರಾದ ಗೇಮನ್ನು ಇನ್ನೊಂದು ಯಂತ್ರದಲ್ಲಿ ಓಡುವಂತೆ ಮಾಡುವುದು. ಹದಿನಾಲ್ಕು ವರ್ಷ ಇದನ್ನೇ ಮಾಡಿದ್ದೇನೆ. ಗೇಮಿನ ಕೊನೆಯಲ್ಲಿ ಹೆಸರುಗಳು ಸಾಲಾಗಿ ಮೇಲೇರುವಾಗ ನಮ್ಮಂಥವರ ಹೆಸರು ಬರುವ ಹೊತ್ತಿಗೆ ಆಡಿದವರು ಎದ್ದು ಹೋಗಿರುತ್ತಾರೆ, ಅದು ಇರಲಿ.

ಆಗ ಹೊಸದಾಗಿ ಬಂದಿದ್ದ ಒಂದು ಕನ್ಸೋಲ್‌ಗೆ ಸಾಹಸದ ಗೇಮ್ ಒಂದನ್ನು ತರುವ ಕೆಲಸ ನಮಗೆ ಸಿಕ್ಕಿತ್ತು. ಕಂಪನಿಯ ಹೆಸರು ಬೇಡ. ಒಂಬತ್ತು ಜನ, ಎಂಟು ತಿಂಗಳು, ಎಲ್ಲರ ನಡುವೆ ಎರಡೇ ಡೆವಲಪ್‌ಮೆಂಟ್ ಕಿಟ್ (ಗೇಮ್ ತಯಾರಿಸುವವರಿಗೆಂದೇ ಕೊಡುವ ಕನ್ಸೋಲ್). ಪಾಳಿ ಹಾಕಿಕೊಂಡು ಕೂರುತ್ತಿದ್ದೆವು. ನೆರೆ ನುಗ್ಗಿದ ಸಂತೆಯ ದೃಶ್ಯವೊಂದಿತ್ತು, ನೂರಾರು ಜನ ಓಡುತ್ತಿರುತ್ತಾರೆ, ನೀರಿನಲ್ಲಿ ಎಲ್ಲರ ನೆರಳು. ಅಲ್ಲಿಗೆ ಬಂದೊಡನೆ ಫ್ರೇಮ್ ರೇಟ್, ಅಂದರೆ ಸೆಕೆಂಡಿಗೆ ತೆರೆಯ ಮೇಲೆ ಮೂಡುವ ಚಿತ್ರಗಳ ಸಂಖ್ಯೆ, ಕುಸಿದು ಆಟವೇ ತಡವರಿಸುತ್ತಿತ್ತು. ನೆರಳುಗಳನ್ನು ತೆಗೆದರೆ ವೇಗ ಬರುತ್ತಿತ್ತು, ಆದರೆ ದೃಶ್ಯ ಸತ್ತುಹೋಗುತ್ತಿತ್ತು. ಕೊನೆಗೆ ದೂರದ ಜನರ ನೆರಳನ್ನು ಎರಡು ಫ್ರೇಮಿಗೊಮ್ಮೆ ಮಾತ್ರ ಬರೆಯುವಂತೆ ಮಾಡಿದೆವು. ಆಡುವವರ ಕಣ್ಣಿಗೆ ವ್ಯತ್ಯಾಸ ಗೊತ್ತಾಗಲಿಲ್ಲ. ಆ ರಾತ್ರಿ ನಮಗಾದ ಸಂತೋಷವನ್ನು ಇಂದಿಗೂ ಮರೆತಿಲ್ಲ.

ಆದರೆ ನಾವು ಮುಗಿಸುವ ಹೊತ್ತಿಗೆ ಆ ಗೇಮ್ ಬೇರೆ ಕನ್ಸೋಲ್‌ಗಳಲ್ಲಿ ಬಂದು ಹದಿನಾಲ್ಕು ತಿಂಗಳಾಗಿತ್ತು. ಅಲ್ಲಿ ಬೆಲೆ ಅರ್ಧಕ್ಕಿಳಿದಿತ್ತು, ಇಲ್ಲಿ ಪೂರ್ತಿ ಬೆಲೆ ಇಟ್ಟರು. ಅಲ್ಲಿ ಆಮೇಲೆ ಸೇರಿಸಿದ್ದ ಎರಡು ಅಧ್ಯಾಯಗಳನ್ನು ಇಲ್ಲಿ ಕೊಡಲಿಲ್ಲ. ಹಲವರು ಸೇರಿ ಆಡುವ ಭಾಗವನ್ನು ಸಮಯವಿಲ್ಲವೆಂದು ಕಿತ್ತುಹಾಕಿಸಿದರು. ಮಾರಾಟ ಸಹಜವಾಗಿಯೇ ಸೊರಗಿತು. ಮೂರು ತಿಂಗಳ ನಂತರ ಸಭೆ ಕರೆದು ಹೇಳಿದ್ದು ಒಂದೇ ಮಾತು: ಈ ಕನ್ಸೋಲ್ ಇಟ್ಟುಕೊಂಡವರು ನಮ್ಮ ಗೇಮ್ ಕೊಳ್ಳುವವರಲ್ಲ. ಎರಡನೇ ಭಾಗದ ಪೋರ್ಟ್ ಅಲ್ಲಿಗೇ ನಿಂತಿತು. ಒಂಬತ್ತರಲ್ಲಿ ಆರು ಜನ ಹೊರಗೆ ಬಂದೆವು. ಎಷ್ಟೋ ದಿನಗಳ ಮೇಲೆ, ಒಳಗೇ ಉಳಿದಿದ್ದ ಗೆಳೆಯ ಆಟಗಾರನೊಬ್ಬನ ಪತ್ರ ತೋರಿಸಿದ. ಮೊದಲ ಭಾಗವನ್ನು ಮೂರು ಸಲ ಮುಗಿಸಿದ್ದಾನೆ, ಮುಂದಿನ ಭಾಗ ಈ ಕನ್ಸೋಲ್‌ಗೆ ಯಾವಾಗ ಎಂದು ಕೇಳಿದ್ದ. ಕೊಳ್ಳುವವರೇ ಅಲ್ಲ ಎಂದು ಕೈಬಿಟ್ಟದ್ದು ಇವನಂಥವರನ್ನು.

ಇದು ನಮ್ಮೊಬ್ಬರ ಕತೆಯಲ್ಲ. 2012ರ ನವೆಂಬರಿನಲ್ಲಿ ನಿಂಟೆಂಡೊದ ವೀ ಯು ಕನ್ಸೋಲ್ ಬಂದಾಗ ಅದರ ಜೊತೆಗೆ ‘ಮಾಸ್ ಎಫೆಕ್ಟ್ 3’ ಬಂತು. ಮೂರು ಭಾಗಗಳ ಕತೆಯ ಕೊನೆಯ ಭಾಗ ಅದು. ಮೊದಲೆರಡು ವೀ ಯುಗೆ ಬರಲೇ ಇಲ್ಲ. ಅದೇ ತಿಂಗಳು ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ 360 ಕನ್ಸೋಲ್‌ಗೆ ಮೂರೂ ಭಾಗಗಳನ್ನು ಒಂದೇ ಪೆಟ್ಟಿಗೆಯಲ್ಲಿ ಕೊಟ್ಟರು. ಎರಡೂ ಕನ್ಸೋಲ್ ಇದ್ದವರು ಯಾವುದನ್ನು ಕೊಂಡಾರು? ಮರುವರ್ಷದ ಫಿಫಾ ಗೇಮ್ ವೀ ಯುಗೆ ಬರಲಿಲ್ಲ. ‘ರೇಮನ್ ಲೆಜೆಂಡ್ಸ್’ 2013ರ ಫೆಬ್ರುವರಿಯಲ್ಲಿ ವೀ ಯುಗೆ ಮಾತ್ರ ಬರಬೇಕಿತ್ತು. ಬೇರೆ ಕನ್ಸೋಲ್‌ಗಳಲ್ಲೂ ತರಬೇಕೆಂದು ಅದನ್ನು ಸೆಪ್ಟೆಂಬರಿಗೆ ತಳ್ಳಿದರು. ವೀ ಯು ಒಟ್ಟು ಮಾರಾಟವಾದದ್ದು ಸುಮಾರು 1 ಕೋಟಿ 35 ಲಕ್ಷ. ಯಂತ್ರದಲ್ಲೂ ದೋಷವಿತ್ತು, ಒಪ್ಪುತ್ತೇನೆ. ಅದರ ಪ್ರೊಸೆಸರ್ ನಿಧಾನದ್ದು, ಹೆಸರು ಕೇಳಿದವರಿಗೆ ಅದು ಹೊಸ ಕನ್ಸೋಲೋ ನಿಂಟೆಂಡೊದ ಹಳೆಯ ವೀ ಕನ್ಸೋಲ್‌ಗೆ ಜೋಡಿಸುವ ಸಾಮಾನೋ ಎಂಬ ಗೊಂದಲ. ಆದರೂ ಕೊಂಡವರ ಮುಂದೆ ಹಳೆಯದನ್ನೂ ಅರೆಬರೆಯದನ್ನೂ ಇಟ್ಟು, ಅವರು ಕೊಳ್ಳಲಿಲ್ಲ ಎಂದು ದೂರುವುದು ನ್ಯಾಯವಲ್ಲ.

ಕನ್ಸೋಲ್ ಮಾಡುವವರೇ ಹೊರಗಿನವರ ದಾರಿ ಮುಚ್ಚಿದ್ದೂ ಇದೆ. 1995ರ ಮೇ ತಿಂಗಳಲ್ಲಿ ಜಪಾನಿನ ಸೆಗಾ ಕಂಪನಿ ತನ್ನ ಸ್ಯಾಟರ್ನ್ ಕನ್ಸೋಲನ್ನು ಅಮೆರಿಕದಲ್ಲಿ ಇದ್ದಕ್ಕಿದ್ದಂತೆ ಮಾರಾಟಕ್ಕಿಟ್ಟಿತು. ಸೆಪ್ಟೆಂಬರ್ 2 ಎಂದು ಮೊದಲು ಹೇಳಿದ್ದರಿಂದ ಹೊರಗಿನ ಕಂಪನಿಗಳೆಲ್ಲ ಆ ದಿನಕ್ಕೆ ಗೇಮ್ ಸಿದ್ಧಮಾಡುತ್ತಿದ್ದವು. ಅಂಗಡಿಯಲ್ಲಿ ಹೊರಗಿನವರ ಗೇಮ್ ಹೆಚ್ಚುಕಡಿಮೆ ಇಲ್ಲದ ಆ ತಿಂಗಳುಗಳ ಲೆಕ್ಕ ಹಿಡಿದು, ಸ್ಯಾಟರ್ನ್ ಕೊಂಡವರಿಗೆ ಹೊರಗಿನವರ ಗೇಮ್ ಬೇಡವಾಗಿತ್ತು ಎಂದು ಬರೆಯಲು ಬರುತ್ತದೆಯೇ?

ಹಳೆಯ ಗೇಮ್‌ಗಳನ್ನು ತಂದರೆ ಸೋತೇಹೋಗುತ್ತವೆ ಎಂದೂ ನಾನು ವಾದಿಸುವುದಿಲ್ಲ. ಮೊದಲ ಸ್ವಿಚ್‌ಗೆ 2017ರ ನವೆಂಬರಿನಲ್ಲಿ ‘ಡೂಮ್’ ಬಂದಾಗ ಅದು ಒಂದೂವರೆ ವರ್ಷ ಹಳೆಯದು. ಬೇರೆಡೆ ಸೆಕೆಂಡಿಗೆ 60 ಫ್ರೇಮ್ ಇದ್ದದ್ದನ್ನು ಪೋರ್ಟ್ ಮಾಡಿದ ಪ್ಯಾನಿಕ್ ಬಟನ್ ತಂಡ 30ಕ್ಕೆ ಇಳಿಸಿತು, ಚಿತ್ರವೂ ಕೊಂಚ ಮಸುಕಾಯಿತು, ಆದರೆ ಆಟದ ಬಿರುಸು ಉಳಿಯಿತು. 2015ರ ‘ವಿಚರ್ 3’ 2019ರ ಅಕ್ಟೋಬರಿನಲ್ಲಿ ಅದೇ ಸ್ವಿಚ್‌ಗೆ ಬಂತು. ಅಷ್ಟು ದೊಡ್ಡ ಗೇಮ್, ಆಮೇಲೆ ಸೇರಿಸಿದ ಎರಡೂ ಕತೆಗಳ (ವಿಸ್ತರಣೆಗಳ) ಸಮೇತ, ಕನ್ಸೋಲ್‌ಗೆ ಸಿಕ್ಕಿಸುವ ಒಂದೇ 32 ಜಿಬಿ ಕಾರ್ಡಿನಲ್ಲಿ. ಸುದ್ದಿ ಬಂದ ದಿನ ನಮ್ಮ ಕಚೇರಿಯಲ್ಲಿ ಯಾರೂ ನಂಬಲಿಲ್ಲ. ನಾನು ಕೊಂಡು ತಂದು ಮೊದಲ ಸಂಜೆ ಕತೆ ಆಡಲೇ ಇಲ್ಲ. ಹುಲ್ಲು ಎಲ್ಲಿ ಕತ್ತರಿಸಿದ್ದಾರೆ, ದೂರದ ಮರಗಳನ್ನು ಯಾವಾಗ ತರುತ್ತಾರೆ, ಇದನ್ನೇ ನೋಡುತ್ತ ಕುದುರೆ ಓಡಿಸಿದೆ. ಅವು ಹಳೆಯ ಗೇಮ್‌ಗಳೇ, ನಿಜ. ಆದರೆ ಕತೆಯನ್ನು ಕತ್ತರಿಸದೆ ಕೊಟ್ಟಿದ್ದರು, ಜೊತೆಗೆ ಬೇರೆ ಕನ್ಸೋಲ್ ಕೊಡಲಾಗದ್ದನ್ನು ಕೊಟ್ಟಿದ್ದರು: ಕೈಯಲ್ಲಿ ಹಿಡಿದು ಎಲ್ಲಿ ಬೇಕಾದರೂ ಆಡಬಹುದಾಗಿತ್ತು.

ಇನ್ನು ಆ ಕನ್ಸೋಲ್‌ಗೆಂದೇ ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಜಪಾನಿನ ಕ್ಯಾಪ್‌ಕಾಮ್ ಕಂಪನಿಯ ‘ಮಾನ್‌ಸ್ಟರ್ ಹಂಟರ್ ರೈಸ್’ ಸಾಕು. 2021ರ ಮಾರ್ಚಿನಲ್ಲಿ ಸ್ವಿಚ್‌ಗೆ ಮಾತ್ರ ಬಂತು, ಪಿಸಿಗೆ ಹೋದದ್ದು ಮರುವರ್ಷ. ಕೆಲವೇ ದಿನಗಳಲ್ಲಿ 40 ಲಕ್ಷ ಪ್ರತಿ ಕಳುಹಿಸಿದ್ದಾಗಿ ಕ್ಯಾಪ್‌ಕಾಮ್ ಪ್ರಕಟಿಸಿತು. ಕೊಂಡವರು ಅದೇ ‘ನಿಂಟೆಂಡೊ ಬಿಟ್ಟು ಬೇರೆ ಮುಟ್ಟದ’ ಜನ.

ಈಗ ಸ್ವಿಚ್ 2ಕ್ಕೆ ಬರುತ್ತೇನೆ. 2025ರ ಜೂನ್ 5ರಂದು ಬಂದ ಈ ಕನ್ಸೋಲ್ ಮೊದಲ ನಾಲ್ಕು ದಿನಗಳಲ್ಲೇ 35 ಲಕ್ಷ ದಾಟಿತು. ಸೆಪ್ಟೆಂಬರ್ ಕೊನೆಯ ಹೊತ್ತಿಗೆ ನಿಂಟೆಂಡೊ ಕೊಟ್ಟ ಲೆಕ್ಕ ಸುಮಾರು 1 ಕೋಟಿ 3 ಲಕ್ಷ ಕನ್ಸೋಲ್, ‘ಮಾರಿಯೊ ಕಾರ್ಟ್ ವರ್ಲ್ಡ್’ ಸುಮಾರು 95 ಲಕ್ಷ. ಹೆಚ್ಚುಕಡಿಮೆ ಪ್ರತಿ ಕನ್ಸೋಲ್‌ಗೆ ಒಂದು! ಆದರೆ ಕನ್ಸೋಲ್ ಜೊತೆಗೇ ಸೇರಿಸಿ ಮಾರಿದ ಪ್ರತಿಗಳೂ ಈ ಲೆಕ್ಕದಲ್ಲಿವೆ. ಪೆಟ್ಟಿಗೆ ಬಿಚ್ಚಿದಾಗಲೇ ಒಂದು ಗೇಮ್ ಕೈಯಲ್ಲಿದೆ, ಹಳೆಯ ಸ್ವಿಚ್‌ನ ಗೇಮ್‌ಗಳೂ ಬಹುತೇಕ ಇದರಲ್ಲಿ ಓಡುತ್ತವೆ. ಹೊರಗಿನವರು ಮೊದಲ ದಿನ ಇಟ್ಟ ದೊಡ್ಡ ಗೇಮ್‌ಗಳಾದರೂ ಯಾವುವು? ‘ಸೈಬರ್‌ಪಂಕ್ 2077’, ‘ಸ್ಟ್ರೀಟ್ ಫೈಟರ್ 6’, ‘ಹಾಗ್ವಾರ್ಟ್ಸ್ ಲೆಗಸಿ’. ಒಳ್ಳೆಯ ಗೇಮ್‌ಗಳೇ. ಆದರೆ ಈ ಮೂರೂ ಬೇರೆಡೆ ಎರಡರಿಂದ ನಾಲ್ಕೂವರೆ ವರ್ಷ ಹಿಂದೆ ಬಂದವು, ಆಸಕ್ತಿ ಇದ್ದವರಲ್ಲಿ ಬಹಳಷ್ಟು ಜನ ಆಡಿ ಮುಗಿಸಿರುತ್ತಾರೆ.

ಗೇಮ್ ಕೀ ಕಾರ್ಡ್ ಬಗ್ಗೆ ನಿಮ್ಮ ಬರಹದಲ್ಲಿ ಒಂದು ಮಾತೂ ಇಲ್ಲದ್ದು ನನಗೆ ಬೇಸರ ತಂದಿತು. ಕಾರ್ಡ್ ಕೊಂಡು ತಂದರೆ ಅದರೊಳಗೆ ಗೇಮ್ ಇರುವುದಿಲ್ಲ, ಕೀಲಿ ಮಾತ್ರ. ಗೇಮನ್ನು ಇಂಟರ್ನೆಟ್‌ನಿಂದ ಇಳಿಸಿಕೊಳ್ಳಬೇಕು, ಆಡುವಾಗ ಕಾರ್ಡನ್ನೂ ಸಿಕ್ಕಿಸಿರಬೇಕು. ಹೊರಗಿನ ಎಷ್ಟೋ ಕಂಪನಿಗಳು ಈ ದಾರಿ ಹಿಡಿದವು, ದೊಡ್ಡ ಕಾರ್ಡಿಗೆ ಖರ್ಚು ಹೆಚ್ಚು ಎಂಬುದು ಒಂದು ಕಾರಣ. ‘ಸ್ಟ್ರೀಟ್ ಫೈಟರ್ 6’ ಹೀಗೇ ಬಂತು. ‘ಸೈಬರ್‌ಪಂಕ್’ ಮಾಡಿದ ಸಿಡಿ ಪ್ರೊಜೆಕ್ಟ್ ಕಂಪನಿ ಹಾಗೆ ಮಾಡದೆ ವಿಸ್ತರಣೆಯನ್ನೂ ಸೇರಿಸಿ ಇಡೀ ಗೇಮನ್ನು 64 ಜಿಬಿ ಕಾರ್ಡಿನಲ್ಲಿ ಕೊಟ್ಟಿತು. ಖರ್ಚಿನ ಒತ್ತಡ ನನಗೆ ಗೊತ್ತು, ಆ ಸಭೆಗಳಲ್ಲಿ ನಾನೂ ಕೂತಿದ್ದೇನೆ. ಆದರೂ ಕಾರ್ಡ್ ಕೊಂಡು ಜೋಪಾನವಾಗಿ ಇಟ್ಟುಕೊಳ್ಳುವ ಆಟಗಾರನಿಗೆ ಖಾಲಿ ಕಾರ್ಡ್ ಕೊಡುವುದು ತಪ್ಪು, ಅದನ್ನು ತಪ್ಪೆಂದೇ ಹೇಳಬೇಕು.

ಮತ್ತೊಂದು ವಿಷಯ. ವಾರವಾರ ಪ್ರಕಟವಾಗುವ ಪಟ್ಟಿಗಳಲ್ಲಿ ಕೆಲವು ಅಂಗಡಿಯಲ್ಲಿ ಮಾರಿದ ಪೆಟ್ಟಿಗೆಗಳನ್ನಷ್ಟೇ ಎಣಿಸುತ್ತವೆ. ಡೌನ್‌ಲೋಡ್ ಆಗಿ ಹೋದದ್ದು ಅವುಗಳಲ್ಲಿ ಇರುವುದಿಲ್ಲ. ಸಣ್ಣ ತಂಡಗಳ ಎಷ್ಟೋ ಗೇಮ್‌ಗಳಿಗೆ ಪೆಟ್ಟಿಗೆಯೇ ಇಲ್ಲ, ಅಂಥ ಪಟ್ಟಿಯ ಪಾಲಿಗೆ ಅವು ಹುಟ್ಟಿಯೇ ಇಲ್ಲ.

ಪತ್ರಿಕೆಯಲ್ಲಿ ಅಚ್ಚಾದ ಮಾತು ಕಂಪನಿಗಳ ಸಭೆಗೂ ಹೋಗುತ್ತದೆ. ‘ಅಲ್ಲಿ ಮಾರಾಟವಾಗುವುದಿಲ್ಲವಂತೆ’ ಎಂದು ಯಾರೋ ಒಂದು ತುಣುಕು ತೋರಿಸುತ್ತಾರೆ, ಇನ್ನೂ ಶುರುವೇ ಆಗದ ಪೋರ್ಟ್ ರದ್ದಾಗುತ್ತದೆ. ಮುಂದಿನ ಸಲ ನಿಮ್ಮ ವರದಿಗಾರರು ಇಂಥ ಅಂಕಿ ಬರೆಯುವಾಗ, ಆ ಗೇಮ್ ಬೇರೆಡೆ ಯಾವ ವರ್ಷ ಬಂದಿತ್ತು, ಇಲ್ಲಿ ಏನನ್ನು ಕತ್ತರಿಸಿದ್ದರು, ಕಾರ್ಡಿನಲ್ಲಿ ಗೇಮ್ ಇತ್ತೇ ಇಲ್ಲವೇ, ಲೆಕ್ಕದಲ್ಲಿ ಡೌನ್‌ಲೋಡ್ ಸೇರಿದೆಯೇ ಎಂಬುದನ್ನು ಅದರ ಪಕ್ಕದಲ್ಲೇ ಬರೆಯಲಿ ಎಂದು ಕೇಳಿಕೊಳ್ಳುತ್ತೇನೆ.

ಇಂತಿ,
ಗೇಮ್ ಪೋರ್ಟಿಂಗ್ ಕೆಲಸದಲ್ಲಿರುವ ನಿಮ್ಮ ಓದುಗ